ಶಾಲಾ ರಂಗದಲ್ಲಿ ಇಂಗ್ಲಿಷ್ ಕಲಿಕೆ: ಹೊರನಾಡಿನ ಕನ್ನಡ ಮಗುವಿನ ನೆಲೆಯಿಂದ

ಹೊರನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಇಂಗ್ಲಿಷ್ ಕೇವಲ ಒಂದು ಪಠ್ಯವಿಷಯವಾಗಿ ಉಳಿದಿಲ್ಲ. ಆ ಶಾಲೆಗಳ ಅಳಿವು ಉಳಿವನ್ನೇ ನಿರ್ಧರಿಸುವ ಪ್ರಶ್ನೆಯಾಗಿ ಅದು ಬೆಳೆದಿದೆ. ಮುಂಬಯಿಯಂತಹ ನಗರದಲ್ಲಿ ಮಗುವನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಬೇರೆ ಕಡೆ ಸೇರಿಸುವ ತಂದೆತಾಯಿಗಳನ್ನು ಕನ್ನಡದ್ವೇಷಿಗಳೆಂದು ಕರೆಯುವುದು ಸುಲಭ. ಆದರೆ ಅದು ಸತ್ಯಕ್ಕೆ ದೂರವಾದ ಮಾತು. ಅವರಲ್ಲಿ ಅನೇಕರು ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುವವರು, ಯಕ್ಷಗಾನಕ್ಕೆ ವಂತಿಗೆ ಕೊಡುವವರು, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವವರು. ಅವರನ್ನು ಕಾಡುವ ಅಂಜಿಕೆ ಒಂದೇ: ತಮ್ಮ ಮಗು ನಾಳೆ ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಾರದೆ ನಿಂತೀತು. ಮಹಾರಾಷ್ಟ್ರ ಸರಕಾರವು 2000ದಲ್ಲಿ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಆರಂಭಿಸಿತು. ಆ ಬಳಿಕವೂ ಈ ಅಂಜಿಕೆ ಕರಗಿಲ್ಲ. ಪಾಠದ ಅವಧಿಗಳು ಹೆಚ್ಚಿದರೂ ಮಗುವಿನ ನಾಲಗೆ ಹಗುರಾಗಲಿಲ್ಲವೆಂದರೆ ಕೊರತೆ ಅವಧಿಗಳ ಸಂಖ್ಯೆಯಲ್ಲಿಲ್ಲ, ಕಲಿಸುವ ರೀತಿಯಲ್ಲಿದೆ ಎಂದೇ ತಿಳಿಯಬೇಕಾಗುತ್ತದೆ.

ಈ ಕೊರತೆಗೆ ಶಿಕ್ಷಣಲೋಕ ಬಹಳ ಹಿಂದೆಯೇ ಕಂಡುಕೊಂಡ ಒಂದು ಪರಿಹಾರ ನಾಟಕ. ಪ್ರಶ್ನೋತ್ತರಗಳನ್ನು ಬರೆಯಬಲ್ಲ, ಆದರೆ ಮಾತನಾಡಲಾರದ ವಿದ್ಯಾರ್ಥಿಗೆ ಪಾತ್ರವೊಂದು ದೊರೆತಾಗ ಆತನ ಮಾತು ಬಿಡುಗಡೆ ಹೊಂದುತ್ತದೆ. ಹಾಗಿದ್ದರೂ ನಾಟಕ ಎಂದ ಮಾತ್ರಕ್ಕೆ ಎಲ್ಲ ನಾಟಕವೂ ಕಲಿಕೆಯಾಗುವುದಿಲ್ಲ. ಪ್ರದರ್ಶನಕ್ಕಿಂತ ತಾಲೀಮಿಗೆ ಬೆಲೆ ಕೊಟ್ಟು, ಆ ತಾಲೀಮಿನೊಳಗೆ ಕನ್ನಡಕ್ಕೂ ಸ್ಥಾನವಿತ್ತಾಗ ಮಾತ್ರ ಶಾಲಾ ನಾಟಕ ಇಂಗ್ಲಿಷನ್ನು ಕಲಿಸೀತು. ಹಾಗೆ ಕಲಿಸುವ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವ ಕಾರಣವೂ ತಂದೆತಾಯಿಗಳಿಗೆ ಉಳಿಯಲಾರದು.

ಇಂದು ಶಾಲೆಗಳಲ್ಲಿ ಇಂಗ್ಲಿಷ್ ನಾಟಕ ಎಂದೊಡನೆ ಕಣ್ಣ ಮುಂದೆ ಬರುವುದು ವಾರ್ಷಿಕೋತ್ಸವದ ವೇದಿಕೆ. ಉತ್ಸವಕ್ಕೆ ಎರಡು ತಿಂಗಳಿರುವಾಗ ಹತ್ತು ಹನ್ನೆರಡು ಮಕ್ಕಳನ್ನು ಆರಿಸಲಾಗುತ್ತದೆ. ಆಯ್ಕೆಯಾಗುವವರು ಈಗಾಗಲೇ ಇಂಗ್ಲಿಷ್ ಬಲ್ಲವರು. ನಾಟಕದ ಅಗತ್ಯ ನಿಜವಾಗಿ ಇರುವ ಮಕ್ಕಳಿಗೆ ಮರದ ಪಾತ್ರ, ಕಾವಲುಗಾರನ ಪಾತ್ರ, ಇಲ್ಲವೆ ಕೆಳಗೆ ಕುಳಿತು ಚಪ್ಪಾಳೆ ತಟ್ಟುವ ಕೆಲಸ. ಮಾತುಗಳನ್ನು ಉರು ಹೊಡೆಸಲಾಗುತ್ತದೆ. ಎಲ್ಲಿ ದನಿ ಏರಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನು ಅಧ್ಯಾಪಕರೇ ನಿಶ್ಚಯಿಸುತ್ತಾರೆ. ಪ್ರದರ್ಶನ ಮುಗಿಯುತ್ತದೆ, ಛಾಯಾಚಿತ್ರಗಳು ತೆಗೆಯಲ್ಪಡುತ್ತವೆ, ಮುಖ್ಯ ಅತಿಥಿಗಳು ಮಕ್ಕಳ ಉಚ್ಚಾರವನ್ನು ಕೊಂಡಾಡುತ್ತಾರೆ. ಮರುದಿನ ಅದೇ ಬಾಲಕನಿಗೆ ತನಗೆ ತಲೆನೋವೆಂದು ಇಂಗ್ಲಿಷಿನಲ್ಲಿ ಹೇಳಿ ರಜೆ ಕೇಳಲು ಬಾರದು. ರವೀಂದ್ರನಾಥ ಠಾಕೂರರು ಬರೆದ ಗಿಳಿಯ ಕಥೆಯನ್ನು ಆಧರಿಸಿ ಬಿ. ವಿ. ಕಾರಂತರು ಮಕ್ಕಳಿಗಾಗಿ ‘ಪಂಜರಶಾಲೆ’ಯನ್ನು ರಂಗಕ್ಕೆ ತಂದರು. ಚಿನ್ನದ ಪಂಜರದಲ್ಲಿಟ್ಟು ಪುಸ್ತಕದ ಹಾಳೆಗಳನ್ನು ತುರುಕಿಸಿಕೊಂಡ ಆ ಹಕ್ಕಿ ಕೊನೆಗೆ ಹಾಡನ್ನೂ ಉಸಿರನ್ನೂ ಕಳೆದುಕೊಳ್ಳುತ್ತದೆ. ಉರು ಹೊಡೆಸಿದ ಇಂಗ್ಲಿಷ್ ನಾಟಕವೂ ಅಂತಹ ಪಂಜರವೇ ಆಗಬಲ್ಲುದು. ನಾಟಕವೆಂಬ ಹೆಸರು ಅದರ ಸರಳುಗಳಿಗೆ ಹಚ್ಚಿದ ಬಣ್ಣ ಮಾತ್ರ.

ಈ ಪ್ರದರ್ಶನಪ್ರಿಯತೆಗೆ ಒಂದು ಇತಿಹಾಸವಿದೆ. 1817ರಲ್ಲಿ ಸ್ಥಾಪನೆಗೊಂಡ ಕಲಕತ್ತೆಯ ಹಿಂದೂ ಕಾಲೇಜಿನ ವಿದ್ಯಾರ್ಥಿಗಳು ಸಭೆ ಸಮಾರಂಭಗಳಲ್ಲಿ ಷೇಕ್ಸ್‌ಪಿಯರನ ದೃಶ್ಯಗಳನ್ನು ಇಂಗ್ಲಿಷಿನಲ್ಲಿಯೇ ಅಭಿನಯಿಸುತ್ತಿದ್ದರು. 1853ರಲ್ಲಿ ಅದೇ ನಗರದ ಓರಿಯೆಂಟಲ್ ಸೆಮಿನರಿಯ ಹಳೆಯ ವಿದ್ಯಾರ್ಥಿಗಳು ‘ಒಥೆಲೊ’ ನಾಟಕವನ್ನು ಆಡಿದರು. ಆಳುವವರ ಭಾಷೆ ತಮಗೂ ಕರಗತವಾಗಿದೆ ಎಂಬುದನ್ನು ಆಳುವವರ ಎದುರೇ ಸಾಬೀತುಪಡಿಸುವ ಉತ್ಸಾಹ ಆ ಪ್ರಯೋಗಗಳ ಹಿಂದೆ ಕೆಲಸ ಮಾಡುತ್ತಿತ್ತು. ಅಂದು ಪರೀಕ್ಷಕರ ಸ್ಥಾನದಲ್ಲಿದ್ದವರು ಆಂಗ್ಲ ಅಧಿಕಾರಿಗಳು. ಇಂದು ಆ ಸ್ಥಾನದಲ್ಲಿ ಪೋಷಕರು ಕುಳಿತಿದ್ದಾರೆ. ಆದರೆ ಇತಿಹಾಸಕ್ಕೆ ಇನ್ನೊಂದು ಮುಖವೂ ಉಂಟು. ಇಂಗ್ಲಿಷ್ ನಾಟಕವನ್ನು ಓದಿದವರು ಅದನ್ನು ಅಲ್ಲಿಗೇ ಬಿಡದೆ ಮನೆಯ ಭಾಷೆಗೆ ತಂದುಕೊಂಡರು. ಚನ್ನಬಸಪ್ಪನವರು 1871ರಲ್ಲಿ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯನ್ನಾಗಿಸಿದರು. ಇಂಗ್ಲಿಷ್ ಅರಿಯದ ಬಸವಪ್ಪ ಶಾಸ್ತ್ರಿಗಳು ಅದನ್ನು ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ರೂಪಿಸಿದರು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ಕರೆತಂದರು. ಲಂಡನ್ನಿನಲ್ಲಿ ಓದಿ ಬಂದ ಕೈಲಾಸಂ ಅವರು ಪುರಾಣದ ವಸ್ತುವಿಗೆ ಇಂಗ್ಲಿಷನ್ನೂ ಮನೆಯೊಳಗಿನ ವಸ್ತುವಿಗೆ ಇಂಗ್ಲಿಷ್ ಬೆರೆತ ಕನ್ನಡವನ್ನೂ ಬಳಸಿ ಎರಡೂ ಭಾಷೆಗಳನ್ನು ರಂಗದಲ್ಲಿ ದುಡಿಸಿಕೊಂಡರು. ಎರಡು ಭಾಷೆಗಳ ನಡುವಿನ ಈ ಹೋಗಿಬರುವಿಕೆಯೇ ಕನ್ನಡಕ್ಕೆ ದಕ್ಕಿದ ಲಾಭ. ಶಾಲೆಯ ಇಂಗ್ಲಿಷ್ ನಾಟಕ ಅನುಸರಿಸಬೇಕಾದುದು ಈ ಎರಡನೆಯ ಪರಂಪರೆಯನ್ನು.

ಪಾಶ್ಚಾತ್ಯ ಶಿಕ್ಷಣ ಪ್ರಯೋಗಗಳಲ್ಲಿಯೂ ಈ ವಿವೇಕ ಕಾಣದಿರದು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಹಳ್ಳಿಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಹ್ಯಾರಿಯೆಟ್ ಫಿನ್‌ಲೇ ಜಾನ್ಸನ್ ಅವರು ಮಕ್ಕಳೇ ಪಾಠವನ್ನು ನಾಟಕವಾಗಿಸಿಕೊಳ್ಳುವ ಪದ್ಧತಿಯನ್ನು ರೂಢಿಸಿ, ತಮ್ಮ ಅನುಭವವನ್ನು 1911ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೇಂಬ್ರಿಜಿನ ಪರ್ಸ್ ಶಾಲೆಯ ಅಧ್ಯಾಪಕ ಹೆನ್ರಿ ಕಾಲ್ಡ್‌ವೆಲ್ ಕುಕ್ ಅವರ ‘ದಿ ಪ್ಲೇ ವೇ’ 1917ರಲ್ಲಿ ಹೊರಬಂದಿತು. ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲೆಂಬುದು ಇಬ್ಬರ ನಿಲುವು. ನೋಡುಗರ ಮೆಚ್ಚುಗೆಗಿಂತ ಆಡುವ ಮಗುವಿನ ಬೆಳವಣಿಗೆ ಇಬ್ಬರಿಗೂ ಮುಖ್ಯ. ಆದರೆ ಅವರ ಮಕ್ಕಳಿಗೆ ಇಂಗ್ಲಿಷ್ ಮನೆಯ ಮಾತಾಗಿತ್ತು ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಅನ್ಯಭಾಷೆಯಾಗಿ ಇಂಗ್ಲಿಷ್ ಕಲಿಯುವ ಮಕ್ಕಳ ಮಟ್ಟಿಗೆ ಬೆಂಗಳೂರಿನ ಪ್ರಯೋಗವೊಂದು ಹೆಚ್ಚು ಹತ್ತಿರದ್ದು. ಅಲ್ಲಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿರಿಸಿಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಯೋಜನೆ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನ ಭಾಷಾಬೋಧಕರಲ್ಲಿ ಪ್ರಸಿದ್ಧವಾಯಿತು. ವ್ಯಾಕರಣದ ನಿಯಮಗಳನ್ನು ಕ್ರಮವಾಗಿ ಕಲಿಸುವ ಬದಲು ನಕ್ಷೆ, ರೈಲಿನ ವೇಳಾಪಟ್ಟಿ ಮುಂತಾದವನ್ನು ಮಕ್ಕಳ ಮುಂದಿಟ್ಟು ಬಿಡಿಸಬೇಕಾದ ಸಮಸ್ಯೆಯೊಂದನ್ನು ಕೊಡುವುದು ಅದರ ವಿಧಾನ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆಯ ರಚನೆ ತಾನಾಗಿ ಮೈಗೂಡುತ್ತದೆ ಎಂಬುದು ಅದರ ತಳಹದಿ. ಆ ಯೋಜನೆ ನಾಟಕವನ್ನು ಆಧರಿಸಿದುದಲ್ಲ. ಆದರೂ ಅದರ ತತ್ವ ರಂಗಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಳ್ಳನ ಪಾತ್ರಧಾರಿಗೆ ಸಿಕ್ಕಿಬೀಳದೆ ಪಾರಾಗುವುದು ಹೇಗೆಂಬ ಚಿಂತೆ. ಪೊಲೀಸನ ಪಾತ್ರಧಾರಿಗೆ ನಿಜವನ್ನು ಹೊರಡಿಸುವುದು ಹೇಗೆಂಬ ಚಿಂತೆ. ಈ ಚಿಂತೆಯಲ್ಲಿ ತೊಡಗಿದ ಮಗು ತಾನು ಪರಭಾಷೆಯಲ್ಲಿ ಮಾತನಾಡುತ್ತಿದ್ದೇನೆ ಎಂಬ ಸಂಕೋಚವನ್ನು ಕ್ಷಣಕಾಲವಾದರೂ ಮರೆಯುತ್ತದೆ.

ತಾಲೀಮಿನಲ್ಲಿ ಭಾಷೆಯ ಯಾವ ಅಂಶಗಳು ಕೈಗೂಡುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಕನ್ನಡದ ಮಗುವಿಗೆ ಇಂಗ್ಲಿಷಿನಲ್ಲಿ ಎದುರಾಗುವ ತೊಡಕುಗಳು ಬಹುಮಟ್ಟಿಗೆ ಕನ್ನಡದ ಜಾಯಮಾನದಿಂದಲೇ ಹುಟ್ಟುವಂಥವು. ಕನ್ನಡದಲ್ಲಿ ಸಾಮಾನ್ಯವಾಗಿ ಶಬ್ದಗಳು ಸ್ವರಾಂತವಾದುದರಿಂದ ಬಸ್ ಎಂಬುದು ಬಸ್ಸಾಗುತ್ತದೆ, ಬುಕ್ ಎಂಬುದು ಬುಕ್ಕಾಗುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದಲೂ ‘ಎಲ್ಲಿಗೆ’ ಎಂಬ ಪದ ನಡುವೆ ನಿಲ್ಲುವುದರಿಂದಲೂ ಪ್ರಶ್ನೆ ಕೇಳುವ ಮಗು ‘ಯೂ ವೇರ್ ಆರ್ ಗೋಯಿಂಗ್’ ಎಂದುಬಿಡುತ್ತದೆ. ವ್ಯಾಕರಣದ ಪುಸ್ತಕ ಇದನ್ನು ತಿದ್ದಬಲ್ಲುದು. ಆದರೆ ತರಗತಿಯಲ್ಲಿ ಪ್ರಶ್ನೆ ಕೇಳುವವರು ಸದಾ ಅಧ್ಯಾಪಕರು, ಉತ್ತರಿಸುವವರು ಸದಾ ವಿದ್ಯಾರ್ಥಿಗಳು. ಇಂಗ್ಲಿಷಿನ ಪ್ರಶ್ನಾರ್ಥಕ ವಾಕ್ಯವನ್ನು ವರ್ಷವಿಡೀ ಒಮ್ಮೆಯೂ ಸ್ವಂತ ಅಗತ್ಯದಿಂದ ಆಡದ ಮಗುವಿಗೆ ಅದು ಹೇಗೆ ತಾನೆ ಬಂದೀತು? ನಾಟಕ ಈ ಸಂಬಂಧವನ್ನು ಮೇಲುಕೀಳು ಮಾಡುತ್ತದೆ. ಅಲ್ಲಿ ಮಗು ಗದರಿಸಬೇಕು, ಬೇಡಬೇಕು, ಶಂಕಿಸಬೇಕು, ನಿರಾಕರಿಸಬೇಕು, ಪ್ರಶ್ನಿಸಬೇಕು.

ಇನ್ನೊಂದು ಉದಾಹರಣೆ ಒತ್ತಿಗೆ ಸಂಬಂಧಿಸಿದ್ದು. ‘ಐ ಡಿಡ್ ನಾಟ್ ಟೇಕ್ ಯುವರ್ ಬುಕ್’ ಎಂಬ ವಾಕ್ಯದಲ್ಲಿ ‘ಐ’ ಎಂಬುದನ್ನು ಒತ್ತಿ ಹೇಳಿದರೆ ತೆಗೆದವನು ಬೇರೊಬ್ಬನೆಂಬ ಧ್ವನಿ. ‘ಯುವರ್’ ಎಂಬುದನ್ನು ಒತ್ತಿದರೆ ತೆಗೆದುದು ಇನ್ನಾರದೋ ಪುಸ್ತಕವೆಂಬ ಧ್ವನಿ. ‘ಬುಕ್’ ಎಂಬುದನ್ನು ಒತ್ತಿದರೆ ತೆಗೆದುದು ಪುಸ್ತಕವಲ್ಲವೆಂಬ ಧ್ವನಿ. ಕನ್ನಡವು ಇಂತಹ ಅರ್ಥಭೇದಗಳನ್ನು ಅನೇಕ ಕಡೆ ‘ನಾನೇ’, ‘ನಿನ್ನದೇ’ ಎಂಬಲ್ಲಿನ ಅವಧಾರಣೆಯ ‘ಏ’ಕಾರದಿಂದಲೂ ಪದಗಳ ಸ್ಥಾನಪಲ್ಲಟದಿಂದಲೂ ಸಾಧಿಸುತ್ತದೆ, ಇಂಗ್ಲಿಷ್ ಅದನ್ನು ಬಹುಪಾಲು ದನಿಯ ಒತ್ತಿನಿಂದ ಸಾಧಿಸುತ್ತದೆ. ಅಚ್ಚಾದ ಪುಟದಲ್ಲಿ ಈ ಒತ್ತು ಕಾಣಿಸುವುದಿಲ್ಲ. ಆದುದರಿಂದ ಪುಟದಿಂದ ಮಾತ್ರ ಇಂಗ್ಲಿಷ್ ಕಲಿತವನ ಮಾತು ಸಮತಟ್ಟಾಗಿ, ಜೀವವಿಲ್ಲದೆ ಕೇಳಿಸುತ್ತದೆ. ಸುಳ್ಳು ಆರೋಪಕ್ಕೆ ಗುರಿಯಾದ ಹುಡುಗನ ಪಾತ್ರದಲ್ಲಿ ನಿಂತ ಮಗು ಅದೇ ವಾಕ್ಯವನ್ನು ಮೂರು ಬಗೆಯಲ್ಲಿ ಆಡಿ ನೋಡಿದಾಗ, ಮತ್ತು ಆ ಮೂರನ್ನೂ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆನೆಂದು ಹೋಲಿಸಿಕೊಂಡಾಗ, ಎರಡೂ ಭಾಷೆಗಳ ಗುಟ್ಟು ಒಟ್ಟಿಗೆ ಬಯಲಾಗುತ್ತದೆ. ಇಂತಹ ಪಾಠಕ್ಕೆ ವೇಷಭೂಷಣ ಬೇಡ, ಪರದೆ ಬೇಡ, ಮುಖ್ಯ ಅತಿಥಿಗಳೂ ಬೇಡ.

ಈ ಸಂದರ್ಭದಲ್ಲಿ ಕರಾವಳಿಯ ಒಂದು ಕಲಾಪ್ರಕಾರ ನೆನಪಿಗೆ ಬರುತ್ತದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿ ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುತ್ತಾನೆ. ಕಥೆ ಗೊತ್ತು, ಪದ್ಯ ಗೊತ್ತು, ಆದರೆ ಆಡಬೇಕಾದ ಮಾತು ಎಲ್ಲಿಯೂ ಬರೆದಿಟ್ಟಿಲ್ಲ. ಎದುರಾಳಿ ಎಸೆದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ ಮೊದಲಾದವರ ಅರ್ಥಗಾರಿಕೆಯನ್ನು ಕೇಳಿದವರಿಗೆ ಭಾಷೆಯ ಪ್ರಭುತ್ವ ಎಂದರೇನೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಭಾಷಾಬೋಧನೆಯ ತಜ್ಞರು ಇಂದು ಬಯಸುವ ಆಶುಸಂಭಾಷಣೆ ಈ ಕಲೆಯಲ್ಲಿ ತಲೆಮಾರುಗಳಿಂದ ಪಳಗಿ ನಿಂತಿದೆ. ಮುಂಬಯಿಯ ಕನ್ನಡಿಗರಿಗಂತೂ ಅದು ಅಪರಿಚಿತವಲ್ಲ. ಊರಿನ ಕಲಾವಿದರನ್ನು ಕರೆಸಿ ಕೂಟಗಳನ್ನು ಏರ್ಪಡಿಸುವ ಸಂಪ್ರದಾಯವನ್ನು ಈ ನಗರ ಉಳಿಸಿಕೊಂಡು ಬಂದಿದೆ. ಮಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಯಕ್ಷಗಾನವನ್ನೇ ಆಡಿದವರಿದ್ದಾರೆ.

ಈ ಕ್ರಮವನ್ನು ಇಂಗ್ಲಿಷ್ ತರಗತಿಗೆ ಒಯ್ಯಬಾರದೇಕೆ? ವಾಲಿವಧೆಯ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಕಥೆ ಬಹುತೇಕ ಮಕ್ಕಳಿಗೆ ಪರಿಚಿತ. ಪರಿಚಯವಿಲ್ಲದವರಿಗೆ ಕನ್ನಡದಲ್ಲಿಯೇ ಹೇಳಿದರಾಯಿತು. ಮೊದಲು ವಾಲಿಯ ಆಕ್ಷೇಪವನ್ನೂ ರಾಮನ ಸಮಾಧಾನವನ್ನೂ ಮಕ್ಕಳು ಕನ್ನಡದಲ್ಲಿ ಚರ್ಚಿಸಲಿ. ಅನಂತರ ಬೇಕಾಗುವ ಹತ್ತು ಹದಿನೈದು ಇಂಗ್ಲಿಷ್ ಪದಗಳು ಕರಿಹಲಗೆಯ ಮೇಲೆ ಬರಲಿ. ಆಮೇಲೆ ಇಬ್ಬರು ಎದುರುಬದುರಾಗಿ ನಿಲ್ಲಲಿ. ‘ವೈ ಡಿಡ್ ಯೂ ಹೈಡ್ ಬಿಹೈಂಡ್ ದಿ ಟ್ರೀ?’ ಎಂದು ಬಾಣ ತಗುಲಿದ ವಾಲಿ ಕೇಳುವಾಗ ಆ ಪ್ರಶ್ನೆಯ ಹಿಂದೆ ನಿಜವಾದ ಕೋಪವಿರುತ್ತದೆ, ಆ ಕೋಪ ವಾಕ್ಯದ ಕ್ರಮವನ್ನು ಮನಸ್ಸಿನಲ್ಲಿ ನಾಟಿಸುತ್ತದೆ. ಉತ್ತರ ಹೇಳಬೇಕಾದ ರಾಮನಿಗೆ ಕಾರಣಗಳನ್ನು ಜೋಡಿಸುವ ಅವ್ಯಯಗಳು ಬೇಕಾಗುತ್ತವೆ. ತಡವರಿಸಿದಲ್ಲಿ ಕನ್ನಡದ ಪದವೊಂದು ನುಸುಳಿದರೆ ಅದನ್ನು ಅಪರಾಧವೆಂದು ಎಣಿಸದೆ, ಸುತ್ತ ಕುಳಿತವರು ಅದರ ಇಂಗ್ಲಿಷ್ ಪದವನ್ನು ಒದಗಿಸಲಿ. ಹೀಗೆ ಇಡೀ ತರಗತಿ ಪಾಲುಗೊಳ್ಳುತ್ತದೆ. ಮುಂದಿನ ದಿನ ಪಾತ್ರಗಳು ಬದಲಾಗುತ್ತವೆ.

ಬರೆದ ನಾಟಕಗಳಿಗೂ ಇಲ್ಲಿ ಎಡೆಯಿದೆ. ಭಾರತದ ಶಾಲಾ ಪಠ್ಯಗಳಲ್ಲಿ ಸ್ಥಾನ ಪಡೆದ ಸ್ಟ್ಯಾನ್ಲಿ ಹೌಟನ್ನನ ‘ದಿ ಡಿಯರ್ ಡಿಪಾರ್ಟೆಡ್’ ಎಂಬ ಏಕಾಂಕ 1908ರಲ್ಲಿ ಮೊದಲು ರಂಗಕ್ಕೆ ಬಂದುದು. ಅಜ್ಜ ಸತ್ತನೆಂದು ಭಾವಿಸಿ ಅವನ ಗಡಿಯಾರ, ಮೇಜುಗಳನ್ನು ಹಿರಿಯ ಮಗಳು ತಂಗಿ ಬರುವ ಮೊದಲೇ ಸಾಗಿಸಿಕೊಳ್ಳುವುದು, ಅಷ್ಟರಲ್ಲಿ ಅಜ್ಜನೇ ಮಹಡಿಯಿಂದ ಇಳಿದು ಬರುವುದು, ಕೊನೆಗೆ ಆತ ತಾನು ಮರುಮದುವೆಯಾಗಲಿರುವುದಾಗಿ ಸಾರುವುದು ಅದರ ಕಥೆ. ಪಾಲು ಪಂಚಾಯತಿಗೆಯ ಜಗಳವನ್ನು ಕಂಡರಿಯದ ಊರು ಯಾವುದಿದೆ? ಪರದೇಶದ ಕೃತಿಯಾದರೂ ಕನ್ನಡದ ಮಗುವಿಗೆ ಅದರ ಒಳಗು ಅರ್ಥವಾಗುತ್ತದೆ. ಅಂತಹ ಕೃತಿಯ ಒಂದು ದೃಶ್ಯವನ್ನು ಮೊದಲು ಮನೆಯ ಮಾತಿಗೆ ಒಗ್ಗಿಸಿ, ಅಂದರೆ ಉಡುಪಿಯ ಕಡೆಯ ಅಕ್ಕತಂಗಿಯರೋ ಧಾರವಾಡದ ಕಡೆಯ ಅಕ್ಕತಂಗಿಯರೋ ಜಗಳವಾಡುವಂತೆ ಆಡಿಸಿ, ಬಳಿಕ ಮೂಲದ ಇಂಗ್ಲಿಷಿಗೆ ಮರಳಿದರೆ, ಮೂಲದ ಪ್ರತಿಯೊಂದು ಮಾತಿನ ಉದ್ದೇಶ ಮಗುವಿಗೆ ಸ್ಪಷ್ಟವಾಗಿರುತ್ತದೆ. ಬಸವಪ್ಪ ಶಾಸ್ತ್ರಿಗಳ ಕಾಲದಲ್ಲಿ ವಿದ್ವಾಂಸರು ಮಾಡಿದ ಕೆಲಸವನ್ನು ಏಳನೆಯ ತರಗತಿಯ ಮಕ್ಕಳು ತಮ್ಮ ಅಳವಿನಲ್ಲಿ ಮಾಡಿದಂತಾಗುತ್ತದೆ.

ಮುಂಬಯಿಯ ಕನ್ನಡ ಶಾಲೆಯ ಮಗುವನ್ನು ಬಡ ಭಾಷಿಕನೆಂದು ಕಾಣುವ ರೂಢಿಯೊಂದು ಬೆಳೆದುಬಿಟ್ಟಿದೆ. ವಾಸ್ತವವಾಗಿ ಆ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಕನ್ನಡವನ್ನು, ನೆರೆಯವರೊಡನೆ ಮರಾಠಿಯನ್ನು, ಪೇಟೆಯಲ್ಲಿ ಹಿಂದಿಯನ್ನು ಬಳಸುತ್ತದೆ. ಯಾರೊಡನೆ ಯಾವ ಭಾಷೆ, ಯಾವ ದನಿ, ಯಾವ ಮರ್ಯಾದೆ ಎಂಬ ವಿವೇಚನೆ ಅದಕ್ಕೆ ದಿನನಿತ್ಯದ ಅಭ್ಯಾಸ. ನಟನಿಗೆ ಬೇಕಾದ ಮೂಲಭೂತ ಶಕ್ತಿಯೂ ಇದೇ ಅಲ್ಲವೆ? ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿನ ಹುಡುಗರು ಗಿರಾಕಿಗಳ ಬಾಯಿಯಿಂದಲೇ ಭಾಷೆಗಳನ್ನು ಕಲಿತರು. ಅವರಿಗೆ ಭಾಷೆ ಬಳಕೆಯಿಂದ ಬಂದಿತು. ಇಷ್ಟು ಭಾಷೆಗಳನ್ನು ಬೀದಿಯಲ್ಲಿ ಗೆದ್ದ ಮಗು ಇಂಗ್ಲಿಷಿನ ಎದುರು ಮಾತ್ರ ಮೂಕವಾಗುವುದಾದರೆ, ಇಂಗ್ಲಿಷನ್ನು ಬಳಸುವ ಬೀದಿಯೊಂದು ಅದಕ್ಕೆ ಇಲ್ಲವೆಂಬುದೇ ಕಾರಣ. ಶಾಲಾ ರಂಗ ಆ ಬೀದಿಯನ್ನು ನಿರ್ಮಿಸಿಕೊಡಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪಠ್ಯವನ್ನು ಮುಗಿಸಬೇಕು, ಪರೀಕ್ಷೆ ಬಾಗಿಲಲ್ಲಿದೆ, ನಾಟಕಕ್ಕೆ ಸಮಯವೆಲ್ಲಿ ಎಂಬುದು ಮೊದಲನೆಯದು. ಪ್ರದರ್ಶನದ ಹಂಬಲವನ್ನು ಬಿಟ್ಟರೆ ಈ ಆಕ್ಷೇಪ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ವಾರಕ್ಕೆ ಒಂದು ಅವಧಿ, ಪಠ್ಯದಲ್ಲಿಯೇ ಇರುವ ಕಥೆಯ ಒಂದು ಸನ್ನಿವೇಶ ಇಷ್ಟಾದರೂ ಸಾಕು. ತರಗತಿಯಲ್ಲಿ ಮಕ್ಕಳು ಹೆಚ್ಚೆಂಬುದು ಎರಡನೆಯದು. ಹೊರನಾಡಿನ ಅನೇಕ ಕನ್ನಡ ಶಾಲೆಗಳಲ್ಲಿ ಇಂದಿನ ದುಃಖ ಇದರ ವಿರುದ್ಧದ್ದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಆ ಕೊಠಡಿಗಳಲ್ಲಿ ಪ್ರತಿಯೊಂದು ಮಗುವಿಗೂ ಪಾತ್ರ ದೊರಕಿಸುವುದು ಕಷ್ಟವಲ್ಲ. ಮೂರನೆಯ ಆಕ್ಷೇಪ ಗಂಭೀರವಾದುದು. ಅಧ್ಯಾಪಕರಿಗೇ ಇಂಗ್ಲಿಷ್ ಮಾತನಾಡುವಲ್ಲಿ ಅಳುಕಿದೆ, ಅವರು ನಾಟಕವಾಡಿಸುವುದು ಹೇಗೆ? ಈ ಅಳುಕನ್ನು ಹಗುರಾಗಿ ಕಾಣಬಾರದು. ಆದರೆ ತಪ್ಪಿಲ್ಲದ ಉಚ್ಚಾರವನ್ನು ಒಪ್ಪಿಸುವುದೇ ಗುರಿಯಾಗಿದ್ದಾಗ ಅಧ್ಯಾಪಕರು ಹೆದರುತ್ತಾರೆ. ಕೂಡಿ ಹುಡುಕುವುದು ಗುರಿಯಾದಾಗ ಆ ಹೆದರಿಕೆ ಕುಗ್ಗುತ್ತದೆ. ಅವರಿಗೆ ತಕ್ಕ ತರಬೇತಿಯನ್ನು ಒದಗಿಸುವುದು ಶಾಲೆಯ ಆಡಳಿತದ ಹೊಣೆ. ಅದನ್ನು ಅಧ್ಯಾಪಕರ ತಲೆಯ ಮೇಲೆ ಹೇರುವುದು ನ್ಯಾಯವಲ್ಲ.

ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ನಾಟಕವೇ, ಅದು ಒಂಟೆಗೆ ಡೇರೆಯಲ್ಲಿ ಜಾಗ ಕೊಟ್ಟಂತಾಗದೆ ಎಂಬ ಶಂಕೆಯನ್ನು ಕನ್ನಡಾಭಿಮಾನಿಗಳು ಎತ್ತಬಹುದು. ಅವರ ಕಳವಳದಲ್ಲಿ ಹುರುಳಿದೆ. ಕನ್ನಡವನ್ನು ಹೊರಗಿಟ್ಟು ನಡೆಯುವ ಇಂಗ್ಲಿಷ್ ನಾಟಕ ಖಂಡಿತವಾಗಿಯೂ ಅಂತಹ ಪರಿಣಾಮವನ್ನೇ ಬೀರುತ್ತದೆ; ಕನ್ನಡ ಆಡಿದ ಮಗುವಿಗೆ ದಂಡ ವಿಧಿಸುವ ಶಾಲೆಗಳು ಅದಕ್ಕೆ ಸಾಕ್ಷಿ. ಇಲ್ಲಿ ಪ್ರತಿಪಾದಿತವಾದ ಕ್ರಮದಲ್ಲಿ ಕನ್ನಡವೇ ವಿಚಾರದ ಭಾಷೆ, ಕನ್ನಡವೇ ಹೋಲಿಕೆಯ ಒರೆಗಲ್ಲು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಯ ಭಾಷೆಯೋ ಪ್ರಾದೇಶಿಕ ಭಾಷೆಯೋ ಮಾಧ್ಯಮವಾಗಿರಬೇಕೆಂದು ಹೇಳಿದೆ. ಆದರೆ ನೀತಿಯ ಮಾತು ತಂದೆತಾಯಿಗಳ ಅಂಜಿಕೆಯನ್ನು ಕಳೆಯಲಾರದು. ಅದನ್ನು ಕಳೆಯಬಲ್ಲುದು ಕನ್ನಡ ಶಾಲೆಯಲ್ಲಿಯೇ ಓದಿ ಇಂಗ್ಲಿಷಿನಲ್ಲಿ ಧೈರ್ಯವಾಗಿ ವಾದಿಸಬಲ್ಲ ಮಗುವಿನ ಕಣ್ಣಾರೆ ಕಾಣುವ ಉದಾಹರಣೆ ಒಂದೇ.

ಹೊರನಾಡಿನ ಕನ್ನಡ ಸಂಘಗಳು ನಾಟಕಸ್ಪರ್ಧೆಗಳಿಗೂ ಕೂಟಗಳಿಗೂ ವ್ಯಯಿಸುವ ಶ್ರಮದ ಒಂದು ಪಾಲು ಈ ಕಡೆಗೆ ಹರಿಯಬೇಕು. ಈ ನಗರಗಳಲ್ಲಿ ಪಳಗಿದ ರಂಗಕರ್ಮಿಗಳಿದ್ದಾರೆ, ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರಿದ್ದಾರೆ, ಅರ್ಥಧಾರಿಗಳಿದ್ದಾರೆ. ಇವರೆಲ್ಲ ಕನ್ನಡ ಶಾಲೆಯ ಒಂದು ಕೊಠಡಿಯಲ್ಲಿ ಕೂಡುವುದು ಅಪರೂಪವಾಗಿದೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಎರಡು ಭಾಷೆಗಳಲ್ಲಿಯೂ ಆಡಬಹುದಾದ ಚಿಕ್ಕ ದೃಶ್ಯಗಳನ್ನು ಸಂಕಲಿಸಿ ಅಧ್ಯಾಪಕರ ಕೈಗೆ ಕೊಟ್ಟರೆ, ಅನುವಾದದ ಅಧ್ಯಯನಕ್ಕೂ ಅದರಿಂದ ಲಾಭವೇ. ಇಂಗ್ಲಿಷಿಗೆ ಹೆದರಿ ಮುಚ್ಚುವ ಕನ್ನಡ ಶಾಲೆಗಾಗಿ ವಿಷಾದ ಸೂಚಿಸುವ ಸಭೆಗಳು ಸಾಕಷ್ಟು ನಡೆದಿವೆ. ಇನ್ನು ಅದೇ ಶಾಲೆಯ ಬೆಂಚುಗಳನ್ನು ಗೋಡೆಗೆ ಸರಿಸಿ, ನಡುವೆ ಇಬ್ಬರು ಮಕ್ಕಳು ನಿಲ್ಲುವಷ್ಟು ಜಾಗ ಮಾಡಿಕೊಡುವ ಕೆಲಸ ಆರಂಭವಾಗಲಿ.